ಚಪ್ಪಾಳೆ ತಟ್ಟಿ ಕೋಣೆ ಹುಡುಕಿದ್ದು

ಜೂನ್ ಕೊನೆಯ ವಾರ ಧಾರವಾಡದ ನಮ್ಮ ಮನೆಯಲ್ಲಿ ನಾನು ಕೋಣೆಯಿಂದ ಕೋಣೆಗೆ ಹೋಗಿ ಚಪ್ಪಾಳೆ ತಟ್ಟುತ್ತಿದ್ದೆ. ಒಂದು ಸಲ ತಟ್ಟೋದು, ಕಿವಿಗೊಟ್ಟು ನಿಲ್ಲೋದು, ಇನ್ನೊಂದು ಮೂಲೆಗೆ ಹೋಗಿ ಮತ್ತೆ ತಟ್ಟೋದು. ಅಡಿಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅವ್ವ ಕೊನೆಗೆ ತಡೆಯಲಾರದೆ ಕೇಳಿದಳು.

"ಏನ ಮಾಡಾಕತ್ತೀ ತಮ್ಮಾ? ಗುಬ್ಬಿ ಓಡಸಾಕತ್ತೀಯೇನ?"

"ಇಲ್ಲವ್ವ, ನೀ ಹಾಡಾಕ ಕೋಣಿ ನೋಡಾಕತ್ತೇನಿ."

"ಹಾಡಾಕ ಕೋಣಿ ಯಾಕ ಬೇಕ? ಬಾಯಿ ಇದ್ರ ಸಾಕು."

ಮಾತೇನೋ ಸರಿ. ಆದರೆ ಆ ಬಾಯಿಯದ್ದೇ ಚಿಂತೆಯಾಗಿತ್ತು. ಅವ್ವನ ಕುತ್ತಿಗೆಯಲ್ಲಿ ಥೈರಾಯ್ಡಿನ ಗಂಟು ಬೆಳೆದು, ಆಗಸ್ಟಿನಲ್ಲಿ ಆಪರೇಷನ್ ಅಂತ ನಿಗದಿಯಾಗಿತ್ತು. ಡಾಕ್ಟರು ಒಳ್ಳೆಯವರು, ಚಿತ್ರ ಬರೆದು ತೋರಿಸಿದರು. ಧ್ವನಿಪೆಟ್ಟಿಗೆಗೆ ಹೋಗುವ ನರ ಆ ಗ್ರಂಥಿಯ ಬೆನ್ನಿಗೇ ಅಂಟಿಕೊಂಡಂತೆ ಹಾದು ಹೋಗುತ್ತದಂತೆ. ಅದಕ್ಕೆ ಏಟು ಬಿದ್ದರೆ ಧ್ವನಿ ಒಡೆಯಬಹುದು. ಮೇಲಿನ ಸ್ವರಗಳನ್ನು ಎತ್ತಿಕೊಡುವ ಇನ್ನೊಂದು ಸಣ್ಣ ನರವೂ ಅಲ್ಲೇ ಇದೆ. "ಬಹಳ ಜನಕ್ಕ ಏನೂ ಆಗಂಗಿಲ್ರಿ, ಆದ್ರೂ ಹೇಳೂದು ನಮ್ಮ ಕೆಲಸ" ಅಂದರು. ಅವ್ವ ಅಲ್ಲಿ ಸುಮ್ಮನೆ ತಲೆಯಾಡಿಸಿದಳು. ಮನೆಗೆ ಬಂದು ಚಹಾ ಕುಡಿಯುವಾಗ, "ಗಂಗೂಬಾಯಿಯವರ ಧ್ವನಿ ಬದಲಾಗಿದ್ದೂ ಗಂಟಲದ ಇಲಾಜು ಆದಮ್ಯಾಲೇ ಅಲ್ಲೇನ? ಆಮ್ಯಾಲೇ ಎಷ್ಟ ಛಂದ ಹಾಡಿದ್ರು" ಅಂದಳು. ಹುಬ್ಬಳ್ಳಿ-ಧಾರವಾಡದಲ್ಲಿ ಬೆಳೆದ ಯಾರಿಗೂ ಗೊತ್ತಿರುವ ಮಾತು ಅದು. ಗಂಗೂಬಾಯಿ ಹಾನಗಲ್ಲರ ಮೊದಮೊದಲ ತಟ್ಟೆಗಳಲ್ಲಿ ಇರುವುದು ತೆಳ್ಳನೆಯ ಹುಡುಗಿ ದನಿ. ನಾವೆಲ್ಲ ಕೇಳಿ ಬೆಳೆದ ಆ ಭಾರವಾದ ದನಿ ಆಮೇಲಿನದು. ಅವ್ವ ನನಗೆ ಸಮಾಧಾನ ಹೇಳಿದಳೋ, ತನಗೇ ಹೇಳಿಕೊಂಡಳೋ ಗೊತ್ತಾಗಲಿಲ್ಲ.

ಅವ್ವ ಗಾಯಕಿಯೇನಲ್ಲ. ಅಜ್ಜಿಯಿಂದ ಬಂದ ಬೀಸೋ ಪದ, ತೊಟ್ಟಿಲ ಪದ, ಸೋಬಾನ ಪದ, ಎಲ್ಲೆಲ್ಲೋ ಕೇಳಿ ಕಲಿತ ತತ್ವಪದ ಇಷ್ಟೇ ಅವಳ ಬಂಡವಾಳ. ಯಾವುದನ್ನೂ ಎಲ್ಲೂ ಬರೆದಿಟ್ಟಿಲ್ಲ. ನಾನು ಇಂಜಿನಿಯರಿಂಗ್ ಓದುವಾಗ ಹಾಸ್ಟೆಲಿನಲ್ಲಿ ಕಲಿತ ಗಿಟಾರು ಇವತ್ತಿಗೂ ಕೈಯಲ್ಲಿದೆ. ಸಂಜೆ ಅವಳು ಹಾಡಿದರೆ ನಾನು ಹಿಂದೆ ತಂತಿ ಮೀಟುತ್ತಾ ಕೂರೋದು ಹತ್ತು ವರ್ಷದಿಂದ ನಡೆದಿದೆ. ಒಂದು ಸಲವೂ ಸರಿಯಾಗಿ ರೆಕಾರ್ಡ್ ಮಾಡಿರಲಿಲ್ಲ. "ಮುಂದಿನ ಸಲ ಬಂದಾಗ ಮಾಡೋಣ" ಅನ್ನೋ ಮಾತಿಗೆ ಎಷ್ಟು ವಯಸ್ಸಾಗಿತ್ತು ಅಂತ ಆ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಲೆಕ್ಕ ಹಾಕಿದೆ.

ರಜೆ ಹಾಕಿ, ಒಂದು ಕಂಡೆನ್ಸರ್ ಮೈಕು, ಪುಟ್ಟ ಆಡಿಯೋ ಇಂಟರ್‌ಫೇಸು, ಗೆಳೆಯನಿಂದ ಕಡ ತಂದ ಒಂದು ಡೈನಾಮಿಕ್ ಮೈಕು ಹೊತ್ತುಕೊಂಡು ಊರಿಗೆ ಬಂದೆ. ದುಡ್ಡು ಕೊಟ್ಟು ಮೈಕು ತಂದರೆ ಮುಗೀತು ಅಂದ್ಕೊಂಡಿದ್ದೆ. ಮೊದಲ ದಿನವೇ ಪಡಸಾಲೆಯಲ್ಲಿ ಅವ್ವನನ್ನು ಕೂರಿಸಿ ಎರಡು ಪದ ಹಾಡಿಸಿದೆ. ಹೆಡ್‌ಫೋನ್ ಹಾಕಿ ಕೇಳಿದರೆ ಅವ್ವ ಎಲ್ಲೋ ಬಾವಿಯೊಳಗೆ ಕೂತು ಹಾಡಿದ ಹಾಗಿದೆ! ಗಿಟಾರು ಖಾಲಿ ಡಬ್ಬಿಯ ಹಾಗೆ. ನಡುವೆ ಒಂದು ಟಂಟಂ ಗಾಡಿ ಎಡದಿಂದ ಬಲಕ್ಕೆ ಹೋಗಿದೆ. ಹಾಡುವಾಗ ಆ ಗಾಡಿ ನಮ್ಮಿಬ್ಬರಿಗೂ ಕೇಳಿಸಿಯೇ ಇರಲಿಲ್ಲ.

ಇದನ್ನು ಇವತ್ತಿಗೂ ಆಶ್ಚರ್ಯಪಟ್ಟೇ ಹೇಳ್ತೀನಿ. ನಮ್ಮ ಕಿವಿ ಬೇಡದ್ದನ್ನು ಬದಿಗಿಟ್ಟು ಬೇಕಾದ್ದನ್ನಷ್ಟೇ ಕೇಳುತ್ತದೆ. ಮೈಕಿಗೆ ಆ ದಾಕ್ಷಿಣ್ಯ ಇಲ್ಲ. ಹಾಡುವವರ ಬಾಯಿಂದ ನೇರ ಬಂದ ಸದ್ದು, ಗೋಡೆಗೆ ಬಡಿದು ಬಂದದ್ದು, ನೆಲಕ್ಕೆ ಬಡಿದು ಬಂದದ್ದು ಎಲ್ಲವನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ ಬಡಿಸಿಬಿಡುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ಮೊಳಗನ್ನು ಎಷ್ಟು ಬೇಕಾದರೂ ಸೇರಿಸಬಹುದು. ಸೇರಿಹೋದ ಮೊಳಗನ್ನು ಪೂರ್ತಿ ತೆಗೆಯುವುದು ಮಾತ್ರ ಇಷ್ಟು ಸಾಫ್ಟ್‌ವೇರ್ ಬಂದಮೇಲೂ ಕಷ್ಟವೇ. ತೆಗೆದರೆ ಜೊತೆಗೆ ದನಿಯ ಸಿಪ್ಪೆಯೂ ಸುಲಿದು ಬರುತ್ತದೆ. ಅದಕ್ಕೇ ಮೈಕಿಗಿಂತ ಮೊದಲು ಕೋಣೆ ಹುಡುಕಬೇಕು ಅನ್ನೋದು.

ಹಾಗೆ ಶುರುವಾಗಿದ್ದು ಚಪ್ಪಾಳೆ. ಎದುರುಬದುರಾದ ಎರಡು ಬರಿಯ ಗೋಡೆಗಳ ನಡುವೆ ನಿಂತು ಚಪ್ಪಾಳೆ ತಟ್ಟಿದರೆ ಸದ್ದು ಆಚೆ ಈಚೆ ಪುಟಿದು "ಟ್ರ್‌ರ್‌ರ್" ಅಂತ ಹಲ್ಲಿ ಲೊಚಗುಟ್ಟಿದ ಹಾಗೆ ಕೇಳುತ್ತದೆ. ಅದು ಕೇಳಿದರೆ ಆ ಜಾಗ ಬೇಡ. ಚಪ್ಪಾಳೆ ಹುಟ್ಟಿದಲ್ಲೇ ಸತ್ತರೆ ಒಳ್ಳೆಯದು. ಎರಡನೆಯ ಪರೀಕ್ಷೆ ಇನ್ನೂ ಸುಲಭ. ಪ್ರತಿ ಕೋಣೆಯಲ್ಲೂ ಮೈಕು ಇಟ್ಟು, ಯಾರೂ ಮಾತಾಡದೆ, ಒಂದು ನಿಮಿಷ ಮೌನವನ್ನೇ ರೆಕಾರ್ಡ್ ಮಾಡೋದು. ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ, ರಾತ್ರಿ ಒಂದು ಸಲ. ನಾನು ನಮ್ಮ ಮನೆಯಲ್ಲಿ ಹುಟ್ಟಿ ಬೆಳೆದವನು, ಆದರೆ ಆ ಮೌನದಲ್ಲಿ ಕೇಳಿದ್ದನ್ನು ಮೊದಲು ಎಂದೂ ಕೇಳಿರಲಿಲ್ಲ. ಟ್ಯೂಬ್‌ಲೈಟಿನ ಚೋಕು ಗುಂಯ್ ಅನ್ನೋದು. ಇನ್ವರ್ಟರಿನ ಗೊಣಗಾಟ. ಫ್ರಿಜ್ಜಿನ ಕಂಪ್ರೆಸರ್ ಎದ್ದು ಕೂರುವಾಗ ಒಂದು ನಡುಕ, ಮಲಗುವಾಗ ಇನ್ನೊಂದು ನಡುಕ. ಪಕ್ಕದ ಮನೆಯ ಬೋರಿನ ಮೋಟಾರು ನಮ್ಮ ಗೋಡೆಯೊಳಗಿಂದಲೇ ಬರುತ್ತದೆ. ಪಡಸಾಲೆಯ ಗೋಡೆ ಗಡಿಯಾರವಂತೂ ಬಡಗಿಯೊಬ್ಬ ಮೊಳೆ ಹೊಡೆದ ಹಾಗೆ ಟಕ್ ಟಕ್. ಅದು ಅಪ್ಪ ರಿಟೈರ್ ಆದಾಗ ಆಫೀಸಿನವರು ಕೊಟ್ಟದ್ದು. ಇಳಿಸಿಡುತ್ತೇನೆ ಅಂದರೆ ಅಪ್ಪ ಮುಖ ಸಣ್ಣ ಮಾಡಿದರು. "ಬ್ಯಾಟರಿ ತಗಿ, ಗ್ವಾಡಿ ಮ್ಯಾಲಿಂದ ತಗೀಬ್ಯಾಡ" ಅಂದರು. ಸರಿ ಅಂತ ಒಪ್ಪಿದೆ. ಒಂದು ವಾರ ನಮ್ಮ ಮನೆಯಲ್ಲಿ ಸದಾ ಮೂರೂಕಾಲು.

ಪಡಸಾಲೆ ರಸ್ತೆಗೆ ತೆರೆದುಕೊಂಡದ್ದು, ಅದು ಮೊದಲೇ ಹೋಯಿತು. ಅಡಿಗೆಮನೆಯಲ್ಲಿ ಗ್ರಾನೈಟು, ಟೈಲ್ಸು. ಸಾಲದ್ದಕ್ಕೆ ಗೂಡಿನಲ್ಲಿರುವ ಸ್ಟೀಲ್ ತಾಟುಗಳು ಗಿಟಾರಿನ ಕೆಲವು ಸ್ವರಕ್ಕೆ ತಾವೂ ದನಿಗೂಡಿಸುತ್ತವೆ. ಅವ್ವ ದಿನಾ ಹಾಡೋದು ಅಲ್ಲೇ, ರೊಟ್ಟಿ ಬಡಿಯುತ್ತಾ. ಅದನ್ನು ಬಿಡಬೇಕಾಗಿ ಬಂದದ್ದು ನನಗೆ ಬೇಜಾರು. ಬಚ್ಚಲುಮನೆಯಲ್ಲಿ ಯಾರು ಹಾಡಿದರೂ ಛಂದ ಕೇಳುತ್ತದೆ. ಅದು ಹಾಡಿದವರ ಕಿವಿಗೆ ಮಾತ್ರ, ರೆಕಾರ್ಡಿನಲ್ಲಿ ಪದದ ಅಕ್ಷರಗಳೇ ಒಂದರ ಮೇಲೊಂದು ಬಿದ್ದಿರುತ್ತವೆ. ದೇವರ ಕೋಣೆ ಎರಡು ಜನಕ್ಕೆ ಸಾಲದು. ಮಹಡಿ ಮೇಲಿನ ಕೋಣೆಗೆ ತಗಡಿನ ಮಾಡು. ಧಾರವಾಡದ ಜಿಟಿಜಿಟಿ ಮಳೆ ಅಂದರೆ ನಿಮಗೆ ಗೊತ್ತಲ್ಲ, ಒಮ್ಮೆ ಹಿಡಿದರೆ ದಿನಗಟ್ಟಲೆ ಬಿಡುವುದಿಲ್ಲ. ತಗಡಿನ ಕೆಳಗೆ ಕೂತರೆ ಯಾರೋ ಮೇಲೆ ಕೂತು ಅವಲಕ್ಕಿ ಹುರಿಯುತ್ತಿದ್ದ ಹಾಗೆ.

ಉಳಿದದ್ದು ನಾನು ಮಲಗುವ ಕೋಣೆ ಮತ್ತು ಹಿಂದಿನ ಕೋಣೆ. ನನ್ನ ಕೋಣೆಯ ಮೇಲೆ ನನಗೆ ಬಹಳ ಭರವಸೆ ಇತ್ತು. ಹಾಸಿಗೆ ಇದೆ, ಪರದೆ ಇದೆ, ಬಟ್ಟೆ ತುಂಬಿದ ಗಾಡ್ರೇಜ್ ಬೀರು ಇದೆ, ರಸ್ತೆಯಿಂದ ದೂರ. ಕೋಣೆಯ ನಟ್ಟನಡುವೆ ಕುರ್ಚಿ ಹಾಕಿ ಕೂತು ಒಂದೊಂದೇ ತಂತಿ ಮೀಟಿದೆ. ದಪ್ಪ ತಂತಿ ಸರಿ. ಅದರ ಪಕ್ಕದ ಎ ತಂತಿ ಮೀಟಿದ ಕೂಡಲೇ ಕೋಣೆಯೇ "ಭೋಂ" ಅಂದಿತು. ಉಳಿದ ನಾಲ್ಕು ಮತ್ತೆ ಸರಿ. ಗಿಟಾರಿನ ತಪ್ಪೇ ಅಂತ ಪಡಸಾಲೆಗೆ ಒಯ್ದರೆ ಅಲ್ಲಿ ಆ ತಂತಿ ಉಳಿದವರ ಹಾಗೆ ಮರ್ಯಾದೆಯಿಂದ ಇದೆ.

ಆಮೇಲೆ ಟೇಪು ಹಿಡಿದೆ. ಉದ್ದ 10 ಅಡಿ, ಅಗಲ 10 ಅಡಿ, ಎತ್ತರವೂ 10 ಅಡಿ. ಕಟ್ಟಿಸಿದವರಿಗೆ ಅದು ಚೊಕ್ಕ ಅಳತೆ, ಸದ್ದಿಗೆ ಮಾತ್ರ ಇದಕ್ಕಿಂತ ಕೆಟ್ಟ ಅಳತೆ ಇಲ್ಲ. ಗಾಳಿಯಲ್ಲಿ ಸದ್ದಿನ ವೇಗ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್. 10 ಅಡಿ ಅಂದರೆ 3.05 ಮೀಟರ್. ಒಂದು ಅಲೆಯ ಅರ್ಧ ಉದ್ದ ಈ ಎರಡು ಗೋಡೆಗಳ ನಡುವೆ ಸರಿಯಾಗಿ ಕೂರಬೇಕಾದರೆ ಅದರ ಕಂಪನ 343ನ್ನು 6.1ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 56 ಹರ್ಟ್ಸ್. ಅದರ ದುಪ್ಪಟ್ಟು 112. ಗಿಟಾರಿನ ಎ ತಂತಿ ಎಷ್ಟು? 110! ಉದ್ದ, ಅಗಲ, ಎತ್ತರ ಮೂರೂ ಒಂದೇ ಆದ್ದರಿಂದ ಮೂರು ಜೋಡಿ ಗೋಡೆಗಳೂ ಒಟ್ಟಿಗೇ ಸೇರಿ ಆ ಒಂದು ಸ್ವರಕ್ಕೆ ಜೈಕಾರ ಹಾಕುತ್ತಿದ್ದವು. ನಾನು ಕೂತದ್ದು ಬೇರೆ ನಟ್ಟನಡುವೆ, ಆ ಸ್ವರದ ಒತ್ತಡ ಶಿಖರಕ್ಕೇರುವ ಜಾಗದಲ್ಲೇ. ಗೋಡೆಯ ಕಡೆ ಎರಡೂವರೆ ಅಡಿ ಸರಿದು ಕೂತಾಗ ಭೋಂ ಅರ್ಧ ಇಳಿಯಿತು. ಲೆಕ್ಕ ಹಾಕಿದ್ದು ಕಿವಿಗೆ ಕೇಳಿದಾಗ ಆದ ಖುಷಿಗೆ ಒಬ್ಬನೇ ನಕ್ಕೆ :-) ಆದರೆ ಗೋಡೆಯ ಹತ್ತಿರ ಹೋದರೆ ಗೋಡೆಯಿಂದ ಬೇಗ ತಿರುಗಿ ಬರುವ ಸದ್ದಿನ ಬೇರೆ ತಲೆನೋವು. ಸಾಲದ್ದಕ್ಕೆ ಗಾಡ್ರೇಜ್ ಬೀರುವಿನ ಹಿಡಿಕೆ ಡಿ ತಂತಿಗೆ ಝರ್ ಅಂತ ಅದುರುತ್ತಿತ್ತು.

ಕಂಬಳಿ ಹೊದಿಸಿದರೆ ಭೋಂ ಹೋಗುತ್ತದೆ ಅಂತ ಹಲವರು ಹೇಳುತ್ತಾರೆ. ಹೋಗೋದಿಲ್ಲ. 110 ಹರ್ಟ್ಸಿನ ಅಲೆಯ ಉದ್ದ 3.1 ಮೀಟರ್. ಒಂದು ಬೆರಳು ದಪ್ಪದ ಬಟ್ಟೆ ಅದಕ್ಕೆ ಸೊಳ್ಳೆ ಪರದೆ ಇದ್ದ ಹಾಗೆ. ಬಟ್ಟೆ ನುಂಗುವುದು ಮೇಲಿನ ತೆಳ್ಳಗಿನ ಸ್ವರಗಳನ್ನು ಮಾತ್ರ. ಸುತ್ತ ಬರೀ ಕಂಬಳಿ ಕಟ್ಟಿದರೆ ಹೊಳಪೆಲ್ಲ ಹೋಗಿ ಭೋಂ ಒಂದೇ ಉಳಿಯುತ್ತದೆ. ಮೊಟ್ಟೆ ಟ್ರೇ ಅಂಟಿಸುವವರ ಬಗ್ಗೆ ನಾನು ಮಾತಾಡೋದಿಲ್ಲ. ಹೊರಗಿನ ಗದ್ದಲ ಅದರಿಂದ ಒಂದು ಎಳೆಯೂ ನಿಲ್ಲುವುದಿಲ್ಲ.

ಹಿಂದಿನ ಕೋಣೆಗೆ ನಾನು ಹೋಗಿದ್ದು ಚಪ್ಪಾಳೆ ತಟ್ಟಲಿಕ್ಕಲ್ಲ, ಕೌದಿ ತರಲಿಕ್ಕೆ. ನಮ್ಮಲ್ಲಿ ಅದು ಸಾಮಾನಿನ ಕೋಣೆ. ಊರಿಂದ ಬಂದ ಜೋಳದ ಚೀಲಗಳು ಒಂದು ಗೋಡೆಗೆ, ಅವುಗಳ ಮೇಲೆ ಮದುವೆ ಮುಂಜಿಗೆ ಬೇಕಾಗುವ ಗಾದಿಗಳ ಗುಡ್ಡ, ಇನ್ನೊಂದು ಗೋಡೆಗೆ ಹಳೆ ಪುಸ್ತಕ, ಟ್ರಂಕು, ಕೊಡೆ, ಒಡೆದ ಕುರ್ಚಿ. ಹಿತ್ತಲ ಕಡೆಗೆ ಒಂದೇ ಸಣ್ಣ ಕಿಟಕಿ. ಕೌದಿ ಜಗ್ಗಿ ಎಳೆಯುವಾಗ ಒಂದು ಕೆಮ್ಮು ಬಂತು. ಕೆಮ್ಮಿದೆ. ಕೆಮ್ಮು ಅಲ್ಲೇ ಬಿದ್ದು ಹೋಯಿತು! ಕೌದಿ ಕೆಳಗಿಟ್ಟು ಚಪ್ಪಾಳೆ ತಟ್ಟಿದೆ. ಟಪ್, ಮುಗೀತು. ಟೇಪು ತಂದೆ. 13 ಅಡಿ, 9 ಅಡಿ, ಎತ್ತರ 10. ಮೂರೂ ಬೇರೆ ಬೇರೆ ಅಂದರೆ ಕೋಣೆ ಯಾವ ಒಂದು ಸ್ವರಕ್ಕೂ ಪಕ್ಷಪಾತ ಮಾಡೋದಿಲ್ಲ. ಆಳವಾಗಿ ಪೇರಿಸಿದ ಗಾದಿ ಕೆಳಗಿನ ಸ್ವರಗಳನ್ನೂ ಒಂದಿಷ್ಟು ಹಿಡಿಯುತ್ತದೆ. ಏರುಪೇರಾಗಿ ಜೋಡಿಸಿದ ಪುಸ್ತಕ, ಟ್ರಂಕು ಸದ್ದನ್ನು ಹತ್ತು ದಿಕ್ಕಿಗೆ ಚೆದುರಿಸುತ್ತವೆ. ಸ್ಟುಡಿಯೋದವರು ಲಕ್ಷಗಟ್ಟಲೆ ಕೊಟ್ಟು ಮಾಡಿಸೋದನ್ನು ಜೋಳದ ಚೀಲ ಪುಕ್ಕಟೆ ಮಾಡಿಕೊಟ್ಟಿತ್ತು.

ಅರ್ಧ ದಿನ ಕಸ ಗುಡಿಸಿ, ಒಂದು ಬರಿ ಗೋಡೆಗೆ ಅಜ್ಜಿ ಹೊಲಿದ ಎರಡು ಕೌದಿ ಇಳಿಬಿಟ್ಟೆ. ಗೋಡೆಗೆ ಅಂಟಿಸದೆ ಒಂದು ಗೇಣು ಬಿಟ್ಟು ಹಗ್ಗಕ್ಕೆ ಹಾಕಿದ್ದು. ನಡುವೆ ಗಾಳಿಯ ಜಾಗ ಇದ್ದರೆ ಕೌದಿ ಇನ್ನಷ್ಟು ಕೆಳಗಿನ ಸ್ವರವನ್ನೂ ತಡೆಯುತ್ತದೆ. ಅವ್ವ ಬಂದು ಕೌದಿ ಮುಟ್ಟಿ, "ಇದು ನನ್ನ ಹಸರ ಇಳಕಲ್ಲ ಸೀರಿ. ಇದು ನಿನ್ನ ಅಂಗಿ, ಒಂದನೆತ್ತಾ ಇದ್ದಾಗಿಂದು" ಅಂತ ಒಂದೊಂದೇ ತುಂಡು ಗುರುತಿಸುತ್ತಾ ನಿಂತಳು. ಆಮೇಲೆ ಸುತ್ತ ನೋಡಿ, "ಚೀಲದ ನಡುವ ಕುಂತು ಹಾಡಾಕ ನಾ ಏನ ಇಲಿಯೇನ?" ಅಂದಳು.

ಕೂತಳು. ಹಾಡಿದಳು. ಮತ್ತು ಅದು ಅವ್ವನ ದನಿಯೇ ಆಗಿರಲಿಲ್ಲ.

ರೆಕಾರ್ಡು ಸ್ವಚ್ಛ. ಒಂದು ಕೊಳೆಯಿಲ್ಲ. ಆದರೆ ದನಿ ಬಿಗಿ, ಉಸಿರು ಗಿಡ್ಡ, ಸಾಲಿನ ಕೊನೆಗೆ ಎಳೆಯುವ ಆ ಎಳೆತ ಇಲ್ಲವೇ ಇಲ್ಲ. ಮೂರು ಸಲ ಹಾಡಿದಳು. ಮೂರನೆಯದಕ್ಕೆ, "ಧ್ವನಿ ಹೋದಂಗ ಆಗೈತಿ ತಮ್ಮಾ, ನನಗ ನಂದೇ ಕೇಳವಲ್ದು. ಆಪರೇಷನ್ ಮುಂಚೇನ ಹೋತೇನ?" ಅಂದಳು. ನಗುತ್ತಲೇ ಅಂದದ್ದು. ಆದರೆ ಅವಳ ಕೈ ಕುತ್ತಿಗೆಯ ಮೇಲಿತ್ತು. ಅವತ್ತು ಅಲ್ಲಿಗೇ ನಿಲ್ಲಿಸಿದೆ. ರಾತ್ರಿ ನಿದ್ದೆ ಹತ್ತಲಿಲ್ಲ. ಒಳ್ಳೆ ಕೋಣೆ ಹುಡುಕುತ್ತೇನೆ ಅಂತ ಹೋಗಿ ಅವ್ವನ ಎದೆಯಲ್ಲಿ ಇಲ್ಲದ ಹೆದರಿಕೆ ಇಟ್ಟೆನಲ್ಲ ಅನ್ನಿಸಿತು.

ತಪ್ಪು ನನ್ನದೇ. ಹಾಡುವವರಿಗೆ ತಮ್ಮ ದನಿ ಕೋಣೆಯಿಂದ ಸ್ವಲ್ಪವಾದರೂ ತಿರುಗಿ ಬಂದು ಕಿವಿಗೆ ತಾಗಬೇಕು. ಪೂರ್ತಿ ಸತ್ತ ಕೋಣೆಯಲ್ಲಿ ದನಿ ಸಣ್ಣದಾಯಿತು ಅನ್ನಿಸಿ ಅವರು ಒತ್ತಿ ಹಾಡುತ್ತಾರೆ, ಗಂಟಲು ಬಿಗಿಯುತ್ತದೆ. ಹೆಡ್‌ಫೋನಿನಲ್ಲಿ ಮೊಳಗು ಸೇರಿಸಿ ಕೇಳಿಸುವ ಉಪಾಯ ಇದೆ. ಅವ್ವನಿಗೆ ಹೆಡ್‌ಫೋನ್ ಹಾಕಿದರೆ ಅದನ್ನೇ ಮುಟ್ಟಿ ನೋಡಿಕೊಳ್ಳುತ್ತಾ ಪದ ಮರೆತಳು. ಹಾಗಾಗಿ ಮರುದಿನ ಅವಳ ಎದುರಿಗಿದ್ದ ಕೌದಿ ತೆಗೆದೆ, ಬೆನ್ನ ಹಿಂದಿನದು ಮಾತ್ರ ಇಟ್ಟೆ. ಹಾಡುವವರ ಹಿಂದಿನ ಗೋಡೆಯೇ ಮುಖ್ಯ, ಯಾಕಂದರೆ ಮೈಕಿನ ಮುಖ ನೋಡೋದು ಆ ಕಡೆಗೇ. ಎದುರಿನ ಬಾಗಿಲು ತೆರೆದು ನಡುವಿನ ಹಾದಿಗೆ ದನಿ ಹೋಗಿ ತುಸು ತಿರುಗಿ ಬರುವ ಹಾಗೆ ಮಾಡಿದೆ. ನಾನು ಎದುರು ಕೂತೆ, ಅವಳ ಮೈಕಿನ ಬೆನ್ನು ನನ್ನ ಕಡೆಗೆ. ಈ ಜಾತಿಯ ಮೈಕಿಗೆ ಬೆನ್ನಿನ ಕಡೆ ಕಿವುಡು, ಗಿಟಾರು ಅದರೊಳಗೆ ಕಮ್ಮಿ ನುಗ್ಗುತ್ತದೆ. ನನಗೂ ಅವಳ ತುಟಿ ನೋಡಿಕೊಂಡು ಬಾರಿಸಬಹುದು. ಗಿಟಾರಿನ ಮೈಕು ತೂತಿನ ಎದುರಿಗಲ್ಲ, ಹನ್ನೆರಡನೇ ಫ್ರೆಟ್ಟಿನ ಹತ್ತಿರ, ಒಂದು ಗೇಣು ದೂರ. ತೂತಿನ ಎದುರು ಇಟ್ಟರೆ ಬರೀ ಗುಂ ಗುಂ.

ಅವ್ವನ ಷಡ್ಜ ಹಾರ್ಮೋನಿಯಂ ಭಾಷೆಯಲ್ಲಿ ಕಪ್ಪು ಎರಡರ ಆಸುಪಾಸು. ಗಿಟಾರಿನ ತಂತಿಗಳನ್ನು ಡಿ-ಎ-ಡಿ-ಜಿ-ಎ-ಡಿ ಅಂತ ಇಳಿಸಿ, ಒಂದನೇ ಮನೆಗೆ ಕಾಪೋ ಹಾಕಿದರೆ ಸಾ-ಪ-ಸಾ ಸಿಗುತ್ತದೆ, ತಂಬೂರಿಯ ಹಾಗೆ. ಕಾರ್ಡು ಗೀರ್ಡು ಎಲ್ಲ ಬಿಟ್ಟು ಬರೀ ಹೆಬ್ಬೆರಳಲ್ಲಿ ಮೀಟಿದೆ.

ಉಳಿದದ್ದು ಅವಳ ಕೈ. ಅವ್ವ ಯಾವತ್ತೂ ಬರಿಗೈಯಲ್ಲಿ ಕೂತು ಹಾಡಿದವಳಲ್ಲ. ಬೀಸುತ್ತಾ, ಬಡಿಯುತ್ತಾ, ಕೇರುತ್ತಾ ಹಾಡಿದವಳು. ಖಾಲಿ ಕೈ ಮಡಿಲಲ್ಲಿಟ್ಟು ಮೈಕು ನೋಡುತ್ತಾ ಹಾಡು ಅಂದರೆ ಹೇಗೆ? ಸದ್ದು ಮಾಡದ ಕೆಲಸ ಯಾವುದಿದೆ ಅಂತ ಯೋಚಿಸಿದೆ. ಮೆಂತೆ ಸೋಸೋದು ಅಂದೆ. "ಮೂರು ತಾಸು ಮೆಂತೆ ಸೋಸಿದ್ರ ತಿನ್ನಾವ್ರ ಯಾರ?" ಅಂದಳು. ಕೊನೆಗೆ ಅವಳೇ ಅರಳೆಯ ಪೊಟ್ಟಣ ತಂದು ಬತ್ತಿ ಹೊಸೆಯಲಿಕ್ಕೆ ಕೂತಳು. ಅರಳೆಗಿಂತ ಮೆತ್ತಗಿನ ಸದ್ದು ಲೋಕದಲ್ಲಿ ಇಲ್ಲ. ಮೊದಲನೇ ಬತ್ತಿ ಮುಗಿಯುವ ಹೊತ್ತಿಗೆ, ನಾನು ಶುರುಮಾಡು ಅನ್ನುವ ಮೊದಲೇ, ಪದ ಶುರುವಾಗಿತ್ತು. ಆ ಎಳೆತ ಬಂತು. ನಾನು ತಲೆ ಬಗ್ಗಿಸಿ ತಂತಿ ಮೀಟುತ್ತಾ ಕೂತೆ, ಮುಖ ಎತ್ತಿದ್ದರೆ ಅವಳು ನಿಲ್ಲಿಸಿಬಿಡುತ್ತಿದ್ದಳು.

ಹೊತ್ತು ಮಧ್ಯಾಹ್ನ ಮೂರರಿಂದ ನಾಲ್ಕೂವರೆ. ಊಟ ಇಳಿದಿರುತ್ತದೆ, ಓಣಿ ಮಲಗಿರುತ್ತದೆ, ಪಕ್ಕದವರ ಮೋಟಾರು ಐದಕ್ಕೆ. ಫ್ಯಾನು, ಇನ್ವರ್ಟರು, ಫ್ರಿಜ್ಜು ಎಲ್ಲ ಬಂದ್. ಫ್ರಿಜ್ ಬಂದ್ ಮಾಡಿದಾಗ ಗಾಡಿಯ ಕೀಲಿಕೈ ಅದರೊಳಗೆ ಇಡಬೇಕು ಅನ್ನೋದು ರೆಕಾರ್ಡಿಂಗ್ ಮಾಡುವವರ ಹಳೆ ಉಪಾಯ, ಹೊರಗೆ ಹೋಗಬೇಕಾದಾಗ ಕೀಲಿ ಹುಡುಕುತ್ತಾ ಫ್ರಿಜ್ ನೆನಪಾಗಲಿ ಅಂತ. ಅಪ್ಪ ಗೇಟಿನ ಕಟ್ಟೆಯ ಮೇಲೆ ಕಾವಲು. ಸೊಪ್ಪಿನವಳು ಬಂದರೆ, ಕೊರಿಯರ್ ಹುಡುಗ ಬಂದರೆ ತಡೆಯೋದು ಅವರ ಡ್ಯೂಟಿ. ನಾಲ್ಕನೇ ಪದದ ನಡುವೆ ದೂರದಲ್ಲಿ "ಶ್‌ಶ್! ಒಳಗ ಹಾಡಾಕತ್ತಾರ!" ಅಂತ ಒಂದು ಗದರಿಕೆ ಸ್ಪಷ್ಟವಾಗಿ ದಾಖಲಾಗಿದೆ. ಸೊಪ್ಪಿನವಳ ದನಿ ಕೇಳುವುದಿಲ್ಲ, ಅಪ್ಪನದ್ದು ಮಾತ್ರ ಕೇಳುತ್ತದೆ. ಅದನ್ನು ತೆಗೆಯಲಿಲ್ಲ.

ಆರು ದಿನದಲ್ಲಿ ಹದಿನಾಲ್ಕು ಪದ, ಒಂದು ಡಬ್ಬಿ ಬತ್ತಿ ಆಯಿತು. ನಾನು ಮೈಕು ಬಿಚ್ಚಿ, ಕೌದಿ ಮಡಿಚಿ, ಗಡಿಯಾರಕ್ಕೆ ಬ್ಯಾಟರಿ ಹಾಕಿದೆ. ಅವತ್ತು ರಾತ್ರಿ ಅಡಿಗೆಮನೆಯಲ್ಲಿ ಹಾಲಿಗೆ ಹೆಪ್ಪು ಹಾಕುತ್ತಾ ಅವ್ವ ಒಮ್ಮೆಲೇ, "ಅಯ್ಯ, ಒಂದು ಬಿಟ್ಟೇ ಹೋತ ನೋಡ" ಅಂದು, ನಾನು ಹುಟ್ಟಿದಾಗಿನಿಂದ ಒಮ್ಮೆಯೂ ಕೇಳದ ಒಂದು ತೊಟ್ಟಿಲ ಪದ ಹಾಡಲು ಶುರುಮಾಡಿದಳು. ಅವಳ ತವರಿನದಂತೆ. ನಾನು ಓಡಿಹೋಗಿ ಫ್ರಿಜ್ಜಿನ ಸ್ವಿಚ್ಚು ಆರಿಸಿ, ಅಭ್ಯಾಸಬಲದಿಂದ ಕೀಲಿಕೈ ಒಳಗಿಟ್ಟು, ಜೇಬಿನ ಮೊಬೈಲನ್ನೇ ತಾಟುಗಳ ಗೂಡಿನ ಮೇಲೆ ಇಟ್ಟೆ. ಅಷ್ಟರಲ್ಲಿ ಮೊದಲ ನುಡಿ ಮುಗಿದಿತ್ತು. ಮತ್ತೆ ಹಾಡು ಅನ್ನಲಿಲ್ಲ. ಗ್ರಾನೈಟು, ಟೈಲ್ಸು, ತಾಟು ಎಲ್ಲ ಸೇರಿ ಮೊಳಗಿದ್ದು ಅದರಲ್ಲಿದೆ. ಗಿಟಾರು ಇಲ್ಲ.

ಕೊಸರು: ಆಪರೇಷನ್ ಆಗಿ ಇವತ್ತಿಗೆ ಹನ್ನೊಂದು ದಿನ. ದನಿ ಇನ್ನೂ ಗೊಗ್ಗರು, ಮೇಲಕ್ಕೆ ಏರುತ್ತಿಲ್ಲ. ಕಾಯಬೇಕು, ಕೆಲವರಿಗೆ ವಾರಗಳೇ ಹಿಡಿಯುತ್ತವೆ ಅಂದಿದ್ದಾರೆ ಡಾಕ್ಟರು. ಎಚ್ಚರವಾದ ಮೇಲೆ ಅವ್ವ ಪಿಸುಗುಟ್ಟಿದ ಮೊದಲ ಮಾತು ಕೇಳಲಿಕ್ಕೆ ನಾನೂ ಅಪ್ಪನೂ ಇಬ್ಬರೂ ಬಗ್ಗಿದೆವು. "ಫ್ರಿಜ್ ಹಚ್ಚೀಯಿಲ್ಲೋ?" ಅಂದಳು.